ಸ್ಕೂಲ್ ಫಾರಂ: ರೇಸ್ (ಜನಾಂಗ) ಕಾಲಂನಲ್ಲಿ ಏನ್ ಟಿಕ್ ಮಾಡಿದ್ರಿ?

ಹಾಸನದ ಹುಡುಗ, ಒಹಾಯೋ: ನನ್ ಹೆಂಡ್ತಿ ಬಿಳಿ ಅಮೆರಿಕನ್. ಮಗಳನ್ನ ಕಿಂಡರ್‌ಗಾರ್ಟನ್‌ಗೆ ಸೇರಿಸ್ತಿದೀವಿ. ಮಾವ "ಬಣ್ಣದ ಲೆಕ್ಕನೇ ತಪ್ಪು, ಖಾಲಿ ಬಿಡಿ" ಅಂತಾರೆ, ನಾದಿನಿ "ಬಿಳಿಯರಿಗೆ ಮಾತ್ರ ಖಾಲಿ ಬಿಡೋ ಸುಖ ಇರೋದು" ಅಂತ ಅಪ್ಪನ ಮೇಲೇ ಏರಿ ಹೋಗ್ತಾಳೆ. ನೀವೇನ್ ಮಾಡಿದ್ರಿ?

ಗಿರ್ಮಿಟ್, ನ್ಯೂಜೆರ್ಸಿ: ನಮ್ಮನೇಲೂ ಇದೇ ಕಥೆ. 2021ರಲ್ಲಿ ಮಗನ ಕಾಲೇಜ್ ಅಪ್ಲಿಕೇಶನ್ನಿಗೆ ಒಬ್ಬ ಕೌನ್ಸೆಲರ್‌ಗೆ 4,200 ಡಾಲರ್ ಸುರಿದೆ, ಪ್ರಬಂಧ ತಿದ್ದೋಕೆ ಮತ್ತೆ 600. ಏಷ್ಯನ್ ಅಂತ ಹಾಕಿದ್ರೆ ಕಷ್ಟ, ತಾಯಿ ಕಡೆಯಿಂದ ವೈಟ್ ಅಂತ ಮಾತ್ರ ಹಾಕಿ ಅಂದ. ಹಾಕಿದ್ವಿ. ಒಂಬತ್ತರಲ್ಲಿ ಏಳು ಕಡೆ ರಿಜೆಕ್ಟ್. 2023ರಲ್ಲಿ ಸುಪ್ರೀಂ ಕೋರ್ಟು ಅಡ್ಮಿಷನ್ನಿಗೆ ರೇಸ್ ನೋಡೋ ಹಾಗಿಲ್ಲ ಅಂತು, ನನ್ ದುಡ್ಡೇನು ವಾಪಸ್ ಬಂತಾ. ಮಗ ಇವತ್ತಿಗೂ "ನನ್ನ ಹೆಸರಲ್ಲಿ ಗೌಡ ಇಟ್ಕೊಂಡು ಕಾಗದದಲ್ಲಿ ಯಾಕ್ ಅಳಿಸಿದ್ರಿ" ಅಂತಾನೆ.

ಹಳೇ ಕೈ, ಟೆಕ್ಸಾಸ್: ನಾನ್ ಬಂದಿದ್ದು 1974ರಲ್ಲಿ. 1970ರ ಸೆನ್ಸಸ್‌ನಲ್ಲಿ ಇಂಡಿಯನ್ಸ್‌ನ ವೈಟ್ ಲೆಕ್ಕಕ್ಕೇ ಸೇರಿಸಿದ್ರು, ನಮ್ಮೋರೇ ಹೋರಾಡಿ 1980ಕ್ಕೆ ಏಷ್ಯನ್ ಇಂಡಿಯನ್ ಅಂತ ಬೇರೆ ಕಾಲಂ ಹಾಕಿಸ್ಕೊಂಡ್ರು. ಅಷ್ಟು ಓಡಾಡಿದ್ದನ್ನ ನೀವು ಒಂದ್ ಕಾಲೇಜ್ ಸೀಟಿಗೆ ಮುಚ್ಚಿಡ್ತೀರಿ.

ಗಿರ್ಮಿಟ್: ಸೀಟು ನಿಮ್ ಮಗಂದಾಗಿದ್ರೆ ಮಾತಾಡಿ ಸಾರ್.

ಶ್ರೀರಂಗಪಟ್ನ: ಯಾಕ್ರೀ ಜಗಳ, ನಾವೂ ಆರ್ಯರೇ, ಕಕೇಶಿಯನ್ನೇ, ಅಂದ್ರೆ ಬಿಳಿಯರ ಜನಾಂಗದವ್ರೇ. ವೈಟ್ ಅಂದ್ರೆ ತಪ್ಪೇನು?

ರಾಗಿಮುದ್ದೆ: ಇದನ್ನೇ ಭಗತ್ ಸಿಂಗ್ ಥಿಂದ್ ಪೌರತ್ವ ಕೇಳ್ತಾ ಕೋರ್ಟಲ್ಲಿ ಹೇಳಿದ್ದು, ಅಮೆರಿಕದ ಸೈನ್ಯದಲ್ಲಿ ಇದ್ದ ಇಂಡಿಯನ್ ಅವ್ರು. 1922ರ ನವೆಂಬರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜಪಾನಿನ ಒಝಾವಾಗೆ "ವೈಟ್ ಅಂದ್ರೆ ಕಕೇಶಿಯನ್" ಅಂದು ಪೌರತ್ವ ಕೊಡ್ಲಿಲ್ಲ. ಮೂರೇ ತಿಂಗಳಿಗೆ ಥಿಂದ್‌ಗೆ "ಪಂಡಿತರು ಕಕೇಶಿಯನ್ ಅಂದ್ರೂ ಜನಸಾಮಾನ್ಯರ ಕಣ್ಣಿಗೆ ನೀನು ವೈಟ್ ಅಲ್ಲ" ಅಂತ ಅದೇ ಕೋರ್ಟು, ಬರೆದಿದ್ದೂ ಅದೇ ಜಡ್ಜ್ ಸದರ್‌ಲ್ಯಾಂಡ್. ಆಗಲೇ ಪೌರತ್ವ ಸಿಕ್ಕಿದ್ದೋರದ್ದೂ ಕಿತ್ಕೊಂಡ್ರು. ಥಿಂದ್ ಅಲ್ಲೂ ಮೇಲ್ಜಾತಿ ರಕ್ತ ಅಂತ ವಾದಿಸಿದ್ರು. ನಿಮ್ದೂ ಅದೇ ರೋಗ.

ಶ್ರೀರಂಗಪಟ್ನ: ಜಾತಿ ಎಲ್ಲಿಂದ ಬಂತು? ನಾನು ಎತ್ತಲೇ ಇಲ್ಲ.

ರಾಗಿಮುದ್ದೆ: ಆರ್ಯರು ಅಂದಿದ್ ಯಾರು, ನಮ್ ಅಜ್ಜಿನಾ?

ಹಳೇ ಕೈ: ಮೊದ್ಲು ನಿಮ್ ಮ್ಯಾಟ್ರಿಮೋನಿ ಪ್ರೊಫೈಲ್‌ನಲ್ಲಿ 'ಬೆಳ್ಳಗಿರೋ ಹುಡುಗಿ ಬೇಕು' ಅಂತ ಹಾಕಿರೋದು ತೆಗೀರಿ ಇಬ್ರೂ.

ಹಾಸನದ ಹುಡುಗ: ಸಾರ್ ಫಾರಂ ಶುಕ್ರವಾರದೊಳಗೆ ಕೊಡ್ಬೇಕು. ಎರಡೂ ಟಿಕ್ ಮಾಡಿದ್ರೆ ಏನಾದ್ರೂ ತೊಂದ್ರೆ ಇದ್ಯಾ?

ಗಿರ್ಮಿಟ್: ಆ 4,200ರ ರಸೀದಿ ಇನ್ನೂ ಇಟ್ಟಿದೀನಿ ನೋಡಿ.