ಹಳೆಯ ಬೆಂಜ್ ಲಾರಿ: ಬಣ್ಣಕ್ಕೆ ಮುಂಚೆ ಪೂರ್ತಿ ಕೆರೆಯಬೇಕೆ?

ಪ್ರಶ್ನೆ (ತಿಪಟೂರು ಕಡೆಯಿಂದ): ಅಣ್ಣ, ನಮ್ಮ ತಂದೆಯವರು ಓಡಿಸುತ್ತಿದ್ದ 1967ರ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಕೊಬ್ಬರಿ ಗೋದಾಮಿನ ಪಕ್ಕದ ಶೆಡ್ಡಿನಲ್ಲಿದೆ. ಎಂಜಿನ್ ಕೆಲಸ ಮುಗಿಯಿತು. ಬಣ್ಣವನ್ನು ಪೇಂಟರ್ ಕೈಯಲ್ಲೇ ಹೊಡೆಸುತ್ತೇನೆ. ಅದಕ್ಕೆ ಮುಂಚಿನ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವ ಆಸೆ. ಬಾನೆಟ್ ಮೇಲೆ ಪದರ ಪದರವಾಗಿ ಹಳೆಯ ಬಣ್ಣವಿದೆ, ಮಡ್‌ಗಾರ್ಡ್ ಅಂಚು ಉಬ್ಬಿದೆ. ಸಂಕ್ರಾಂತಿ ರಜೆಯಲ್ಲಿ ಇಡೀ ಗಾಡಿಯನ್ನು ತಗಡು ಕಾಣುವಂತೆ ಕೆರೆದಿಟ್ಟು, ಪ್ರೈಮರ್ ಮತ್ತು ಪುಟ್ಟಿಯನ್ನು ಆಮೇಲೆ ನಿಧಾನವಾಗಿ ಹಾಕೋಣವೆಂದುಕೊಂಡಿದ್ದೇನೆ. ಸರಿಯೇ?

ಉತ್ತರ (ಪೇಂಟರ್, ತುಮಕೂರು): ಕೆರೆದಿಟ್ಟು ಆಮೇಲೆ ನೋಡೋಣ ಎನ್ನುವ ಲೆಕ್ಕ ಬೇಡ. ಸಂಕ್ರಾಂತಿ ಹೊತ್ತಿಗೆ ನಮ್ಮ ಕಡೆ ಇಬ್ಬನಿ ಬೀಳುತ್ತದೆ. ಬರಿ ತಗಡನ್ನು ಒಂದು ರಾತ್ರಿ ಬಿಟ್ಟರೂ ಸಾಕು, ಬೆಳಿಗ್ಗೆ ಬೆರಳಾಡಿಸಿದರೆ ಕಂದು ಪುಡಿ ಅಂಟುತ್ತದೆ. ಒಂದು ಭಾನುವಾರಕ್ಕೆ ಒಂದೇ ಭಾಗ ಹಿಡಿಯಿರಿ. ಎಡ ಮಡ್‌ಗಾರ್ಡ್ ಎಂದರೆ ಎಡ ಮಡ್‌ಗಾರ್ಡ್ ಅಷ್ಟೆ: ಬಿಚ್ಚಿ, ಕೆರೆದು, ಒರೆಸಿ, ಬಿಸಿಲು ಇಳಿಯುವ ಮೊದಲೇ ಎಪಾಕ್ಸಿ ಪ್ರೈಮರ್ (ಎರಡು ಭಾಗ ಬೆರೆಸಿ ಹೊಡೆಯುವ, ತುಕ್ಕು ತಡೆಯುವ ತಳಬಣ್ಣ) ಹೊಡೆದು ಮುಗಿಸಬೇಕು. ಹಾಗೆ ಮಾಡಿದರೆ ಯುಗಾದಿಯವರೆಗೆ ಎಳೆದರೂ ಗಾಡಿ ಕೆಡುವುದಿಲ್ಲ.

ಪೂರ್ತಿ ಕೆರೆಯುವ ಅಗತ್ಯವೂ ಇಲ್ಲ. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಹಳೆಯ ಬಣ್ಣದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಣ್ಣ ಮೆದುವಾದರೆ, ಸುಕ್ಕುಗಟ್ಟಿದರೆ ಅದನ್ನು ತೆಗೆಯಲೇಬೇಕು. ಉಳಿಸಿಕೊಂಡರೆ ಹೊಸ ಬಣ್ಣದ ಥಿನ್ನರ್ ತಗುಲಿದಾಗ ಅದೂ ಎದ್ದೇಳುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ 180ನೇ ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿದರೆ ಸಾಕು, ಅದೇ ಒಳ್ಳೆಯ ತಳಹದಿ. ಉಬ್ಬಿದ ಕಡೆಯಂತೂ ದಾಕ್ಷಿಣ್ಯ ಬೇಡ. ಕಾಣುವ ಗುಳ್ಳೆಗಿಂತ ಒಳಗಿನ ತುಕ್ಕು ದೊಡ್ಡದಾಗಿರುತ್ತದೆ, ಬೆಳ್ಳಗಿನ ತಗಡು ಸಿಗುವವರೆಗೆ ತಂತಿ ಬ್ರಷ್ ಹಿಡಿಯಿರಿ. ತುಕ್ಕು ತೆಗೆಯುವ ಆಮ್ಲ ಬಳಸಿದರೆ ಚೆನ್ನಾಗಿ ತೊಳೆದು ಒಣಗಿಸಿ, ಉಳಿದ ಆಮ್ಲದ ಮೇಲೆ ಎಪಾಕ್ಸಿ ಗಟ್ಟಿಯಾಗುವುದಿಲ್ಲ.

ಗೋದಾಮಿನ ಪಕ್ಕ ಎಂದಿರಿ, ನನಗೆ ಹೆಚ್ಚು ಚಿಂತೆ ಅದರದ್ದೇ. ಕೊಬ್ಬರಿ ಮುಟ್ಟಿದ ಕೈ ತಗಡಿಗೆ ತಗುಲಿದರೆ ಆ ಜಾಗದಲ್ಲಿ ಬಣ್ಣ ದುಂಡಗೆ ಬಿಟ್ಟುಕೊಂಡು ಗುಳಿ ಬೀಳುತ್ತದೆ. ಉಜ್ಜುವ ಮೊದಲೇ ಥಿನ್ನರ್‌ನಿಂದ ಒರೆಸಿ, ಇಲ್ಲದಿದ್ದರೆ ಕಾಗದದ ಗೀರುಗಳೊಳಗೆ ಎಣ್ಣೆ ಸೇರಿಕೊಳ್ಳುತ್ತದೆ. ಒಂದು ಒದ್ದೆ ಬಟ್ಟೆ, ಅದರ ಹಿಂದೆಯೇ ಒಂದು ಒಣ ಬಟ್ಟೆ. ಥಿನ್ನರ್ ತಾನಾಗಿ ಆರಿದರೆ ಎಣ್ಣೆ ಮತ್ತೆ ಅಲ್ಲೇ ಕೂರುತ್ತದೆ.

ಆ ಕಾಲದ ಬಣ್ಣದಲ್ಲಿ ಸೀಸವಿರುತ್ತದೆಂದೇ ತಿಳಿದುಕೊಳ್ಳಿ. ಮನೆಗೆ ಬಳಿಯುವ ಬಣ್ಣಗಳಿಗೇ ಸೀಸದ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು, ದೂಳಿಗೆಂದೇ ಇರುವ ಮಾಸ್ಕ್ ಹಾಕಿ. ಮಕ್ಕಳನ್ನೂ ಕೊಬ್ಬರಿಯನ್ನೂ ದೂರವಿಡಿ.

ಪ್ರಶ್ನೆ (ಗುಬ್ಬಿ): ಸರ್, ನಡುವೆ ಬಂದೆ, ಕ್ಷಮಿಸಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಿದರೆ ದೂಳೇ ಇರುವುದಿಲ್ಲವಲ್ಲ?

ಉತ್ತರ: ದೂಳು ಇರುವುದಿಲ್ಲ, ಆದರೆ ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ. ಆ ತೇವ ತಗಡಿಗೆ ತಲುಪಿ, ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದಡಿ ಗುಳ್ಳೆ ಏಳುತ್ತದೆ. ಪುಟ್ಟಿಯನ್ನು ಒಣದಾಗಿಯೇ ಉಜ್ಜಿ, ಮೊದಲು 80, ಆಮೇಲೆ 180. ಮೇಲೆ ಸರ್ಫೇಸರ್ (ಸಣ್ಣ ಗೀರುಗಳನ್ನು ತುಂಬುವ ದಪ್ಪ ಪ್ರೈಮರ್) ಕೂತ ನಂತರ ನೀರು ಹಾಕಿ 400, 600 ಹಿಡಿಯಬಹುದು.

ಸಿಮೆಂಟ್ ಮೆತ್ತಿದಂತೆ ಪುಟ್ಟಿ ಮೆತ್ತಬೇಡಿ. ನೆಗ್ಗನ್ನು ಸುತ್ತಿಗೆಯಲ್ಲಿ ಎತ್ತಿಸಿ, ಉಳಿದ ತಗ್ಗಿಗೆ ಮಾತ್ರ ಹಾಕಿ, ಮೂರು ಮಿಲಿಮೀಟರ್ ಮೀರದಂತೆ. ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂ ಹಾರ್ಡ್‌ನರ್. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಿಂಡಿದರೆ ಅದರ ಕಲೆ ಬಣ್ಣದ ಮೇಲೆ ಬಂದು ಕೂರುತ್ತದೆ. ಬೆರಳಿನಿಂದ ಉಜ್ಜಿದರೆ ಅಲೆ ಅಲೆಯಾಗುತ್ತದೆ. ಕಾಗದವನ್ನು ಉದ್ದನೆಯ ಮರದ ತುಂಡಿಗೆ ಸುತ್ತಿಕೊಳ್ಳಿ. ಸರ್ಫೇಸರ್ ಮೇಲೆ ಕಪ್ಪು ಬಣ್ಣವನ್ನು ತೆಳುವಾಗಿ ಸಿಂಪಡಿಸಿ ಉಜ್ಜಿದರೆ, ಕಪ್ಪು ಉಳಿದ ಜಾಗವೇ ತಗ್ಗು.

ಪ್ರಶ್ನೆ (ತಿಪಟೂರು ಕಡೆಯಿಂದ): ಅಣ್ಣ, ಕ್ಯಾಬಿನ್ ಮರದ ಚೌಕಟ್ಟಿನದು, ಮೇಲೆ ತಗಡು ಹೊಡೆದಿದ್ದಾರೆ. ಬಾಗಿಲ ಮೇಲೆ ಹಳೆಯ ಪೇಂಟರ್ ಕೈಯಲ್ಲಿ ಬರೆದ ಮಂಡಿಯ ಹೆಸರಿದೆ, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಉತ್ತರ: ಆ ಕಾಲದಲ್ಲಿ ಷಾಸಿ (ಎಂಜಿನ್, ಚಕ್ರಗಳಿರುವ ಕೆಳಚೌಕಟ್ಟು) ಮಾತ್ರ ತಂದು ಕ್ಯಾಬಿನ್ ಇಲ್ಲೇ ಕಟ್ಟಿಸುತ್ತಿದ್ದರು, ಆದ್ದರಿಂದ ಬಾನೆಟ್‌ಗೆ ಹೇಳಿದ್ದೆಲ್ಲ ಕ್ಯಾಬಿನ್‌ಗೆ ನಡೆಯುವುದಿಲ್ಲ. ಮೊಳೆಗಳ ಸಾಲಿನುದ್ದಕ್ಕೂ ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಸದ್ದು ಮೊಂಡಾದ ಕಡೆ ಮರ ಕೊಳೆತಿರಬಹುದು, ತಗಡು ಎಬ್ಬಿಸಿ ನೋಡದೆ ಮೇಲೆ ಪ್ರೈಮರ್ ಹೊಡೆಯಬೇಡಿ. ಪೇಂಟ್ ರಿಮೂವರ್ ಅಲ್ಲಿ ಬೇಡವೇ ಬೇಡ. ಸಂದಿಯೊಳಗೆ ಇಳಿದು ಕೂತು, ಆಮೇಲೆ ಹೊಸ ಬಣ್ಣವನ್ನೇ ಎಬ್ಬಿಸುತ್ತದೆ.

ಅಕ್ಷರಗಳಿಗೆ ನೇರ ಎದುರಿನಿಂದ ಫೋಟೊ ತೆಗೆದು, ಟ್ರೇಸಿಂಗ್ ಪೇಪರ್ ಅಂಟಿಸಿ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಬಾಗಿಲ ಅಂಚಿನಿಂದ ಎಷ್ಟು ದೂರ ಎನ್ನುವುದನ್ನೂ ಅದರ ಮೇಲೆಯೇ ಬರೆಯಿರಿ. ಲಾರಿಯ ಮುಂಭಾಗದ ಬೆಂಜ್ ನಕ್ಷತ್ರ ಲಾಂಛನವನ್ನು ಬಿಚ್ಚಿ ಮನೆಯೊಳಗಿಡಿ. 1969ರಲ್ಲಿ ಬೆಂಜ್ ಒಪ್ಪಂದ ಮುಗಿದ ಮೇಲೆ ಟಾಟಾ ಲಾರಿಗಳಿಗೆ ಅದು ಬರಲಿಲ್ಲ, ಕಳೆದರೆ ಹುಡುಕುವುದು ಕಷ್ಟ.

ಇನ್ನೊಂದು ಮಾತು. ಬಣ್ಣ ಯಾವುದೆಂದು ನಿಮ್ಮ ಪೇಂಟರ್‌ನನ್ನು ಈಗಲೇ ಕೇಳಿಕೊಳ್ಳಿ. ಎನಾಮೆಲ್ ಆದರೆ ರೆಡ್ ಆಕ್ಸೈಡ್ ಪ್ರೈಮರ್ ನಡೆಯುತ್ತದೆ, ಖರ್ಚೂ ಕಡಿಮೆ. ಪಿಯು (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ) ಆದರೆ ಎಪಾಕ್ಸಿಯೇ ಬೇಕು. ಆರ್‌ಸಿಯಲ್ಲಿರುವ ಬಣ್ಣವನ್ನು ಬದಲಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ನಮೂದು ಮಾಡಿಸಬೇಕಾಗುತ್ತದೆ.