ಹಲ್ಲಿನ ತಿರುಳಲ್ಲಿ ಕಲ್ಲು: ತೆಗೆಸಬೇಕಾ, ಬಿಡಬೇಕಾ?

ಪ್ರಶ್ನೆ: ಡಾಕ್ಟ್ರೇ, ಕ್ಲೀನಿಂಗ್‌ಗೆ ಹೋದಾಗ ತೆಗೆದ ಎಕ್ಸ್‌ರೇಯಲ್ಲಿ ಮೇಲಿನ ದವಡೆ ಹಲ್ಲಿನೊಳಗೆ ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆ ಕಂಡಿದೆ. ‘ಪಲ್ಪ್ ಸ್ಟೋನ್’ ಅಂದರು. ನೋವಿಲ್ಲ. ಮಾತ್ರೆಯಲ್ಲಿ ಕರಗುತ್ತಾ, ರೂಟ್ ಕೆನಾಲ್ ಆಗಲೇಬೇಕಾ?

ಉತ್ತರ: ಕರಗಿಸುವ ಮಾತ್ರೆ ಇಲ್ಲ, ಕರಗಿಸುವ ಅಗತ್ಯವೂ ಇಲ್ಲ. ವಯಸ್ಸು, ಹಳೇ ಹುಳುಕು, ಆಳದ ಫಿಲ್ಲಿಂಗ್, ಕ್ಲಿಪ್ ಹಾಕಿ ಹಲ್ಲು ಸರಿಸಿದ್ದು, ಇವುಗಳ ಜೊತೆ ತಿರುಳಲ್ಲಿ, ಅಂದರೆ ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆ ಭಾಗದಲ್ಲಿ, ಸುಣ್ಣ ಕಟ್ಟುವುದುಂಟು. ಏನೂ ಆಗದ ಹಲ್ಲಲ್ಲೂ ಕಾಣುತ್ತದೆ. ಸುಮಾರು 0.2 ಮಿ.ಮೀ. ದಾಟಿದರೆ ಮಾತ್ರ ಎಕ್ಸ್‌ರೇಗೆ ಸಿಗುತ್ತದೆ, ಹಾಗಾಗಿ ಕಾಣದವು ಇನ್ನೂ ಎಷ್ಟೋ. ಕಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಹಲ್ಲು ಕೊರೆಸಬೇಡಿ. ಬಿಸಿ ಕುಡಿದಾಗ ನೋವು ಬಂದು ಹಾಗೇ ನಿಂತರೆ, ರಾತ್ರಿ ಎಬ್ಬಿಸಿದರೆ ಬನ್ನಿ. ಆಗಲೂ ಮೊದಲು ಹುಳುಕು, ಬಿರುಕು ಹುಡುಕಬೇಕು. ಕಲ್ಲಿನ ಮೇಲೆ ತಪ್ಪು ಹೊರಿಸುವುದು ಆಮೇಲೆ.

ಪ್ರಶ್ನೆ: ಸರ್, ನಾನು ಬಿಡಿಎಸ್ (ದಂತವೈದ್ಯ ಪದವಿ) ಇಂಟರ್ನ್. ರೂಟ್ ಕೆನಾಲ್‌ಗೆ ಮೇಲಿನ ಮೊದಲ ಮೋಲಾರ್ (ದವಡೆ ಹಲ್ಲು) ತೆರೆದರೆ ಬೇರಿನೊಳಗೆ ಇಳಿಯುವ ಕೆನಾಲ್‌ಗಳ ಬಾಯಿಗಳೇ ಕಾಣಲ್ಲ. ಕಾಣುತ್ತಿರುವುದು ಕಲ್ಲೋ, ತಿರುಳಿನ ಕೋಣೆಯ ನೆಲವೋ?

ಉತ್ತರ: ಬಣ್ಣ ನೋಡಿ. ನೆಲ ಮಂಕು ಬೂದು, ಅದರಲ್ಲಿ ಕೆನಾಲ್ ಬಾಯಿಂದ ಬಾಯಿಗೆ ಕಪ್ಪು ಗೆರೆ ಹರಿದಿರುತ್ತದೆ. ಕಲ್ಲು ತಿಳಿ ಹಳದಿ, ಗೆರೆ ಇಲ್ಲ, ಅಂಚಲ್ಲಿ ಡಿಜಿ-16 (ಕೆನಾಲ್ ಬಾಯಿ ಹುಡುಕುವ ಚೂಪು ಕಡ್ಡಿ) ತುದಿ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಹಾಳೆ) ಹಾಕಿ, ತಿರುಳು ಕರಗಿಸುವ ಹೈಪೋಕ್ಲೋರೈಟ್ ದ್ರಾವಣ ತುಂಬಿಸಿ, ಲೂಪ್ಸ್‌ನಲ್ಲಿ (ಕಣ್ಣಿಗೆ ಹಾಕುವ ಭೂತಗನ್ನಡಿ) ನೋಡುತ್ತಿರಿ: ಗುಳ್ಳೆ ಏಳುವ ಕಡೆ ಇನ್ನೂ ತಿರುಳಿದೆ.

ಎಡವುವುದು ಇಲ್ಲೇ: ರೌಂಡ್ ಬರ್ (ದುಂಡು ತುದಿಯ ಕೊರೆಯುವ ಮೊಳೆ) ಹಿಡಿದು ನಡುವೆ ಕೊರೆಯುತ್ತಾ ಹೋಗಿ ಬೇರಿನ ಕವಲಲ್ಲಿ ತೂತು ಬೀಳಿಸುವುದು. ಈ ಹಲ್ಲಲ್ಲಿ ಕಸ್ಪ್ (ಹಲ್ಲಿನ ಮೇಲಿನ ಉಬ್ಬು) ತುದಿಯಿಂದ ತಿರುಳಿನ ಚಾವಣಿ ಸುಮಾರು 6 ಮಿ.ಮೀ., ಕವಲು ಸುಮಾರು 11. ಬೈಟ್‌ವಿಂಗ್ ಎಕ್ಸ್‌ರೇಯಲ್ಲಿ ನೀವು ತೆರೆಯುವ ಹಲ್ಲಿನದೇ ಅಳತೆ ತೆಗೆದು ಬರ್ ಮೇಲೆ ಗುರುತು ಹಾಕಿ. ಆಮೇಲೆ ಅಲ್ಟ್ರಾಸೋನಿಕ್ (ಅತಿ ವೇಗವಾಗಿ ಕಂಪಿಸುವ) ಟಿಪ್ಪನ್ನು ಕಲ್ಲಿನ ಸುತ್ತ, ಅಂಚಲ್ಲೇ ಓಡಿಸಿ. ಕಡಿಮೆ ಪವರ್, ಕೆಲವು ಸೆಕೆಂಡ್, ಮತ್ತೆ ನೀರು. ನೀರಿಲ್ಲದೆ ಓಡಿಸಿದರೆ ಬೇರು ಬಿಸಿಯಾಗುತ್ತದೆ. ಬಿಡಿ ಕಲ್ಲಾದರೆ ಇಡಿಯಾಗಿ ಎದ್ದು ಬರುತ್ತದೆ. ಗೋಡೆಗೆ ಅಂಟಿದ್ದನ್ನು ತೇಯಲೇಬೇಕು.

ಪ್ರಶ್ನೆ: 17% ಇಡಿಟಿಎ (ಸುಣ್ಣದಂಶ ಸೆಳೆಯುವ ದ್ರಾವಣ) ಹಾಕಿಟ್ಟರೆ ಕಲ್ಲು ಕರಗಲ್ವಾ ಸರ್?

ಉತ್ತರ: ಮೇಲ್ಪದರ ಮೆತ್ತಗಾಗುತ್ತದೆ, ಅಷ್ಟೇ. ಪಕ್ಕದ ಡೆಂಟಿನ್ನೂ (ತಿರುಳಿನ ಸುತ್ತಲ ಗಟ್ಟಿ ಪದರ) ಮೆತ್ತಗಾಗುತ್ತದಲ್ಲ, ಅದು ನೆನಪಿರಲಿ. ಪುಡಿ ಪೂರ್ತಿ ತೊಳೆಯುವವರೆಗೆ ಕೆನಾಲ್‌ಗೆ ಫೈಲ್ (ಕೆನಾಲ್ ಉಜ್ಜುವ ಸಣ್ಣ ಅರ) ಇಳಿಸಬೇಡಿ, ಚೂರು ಕೆಳಗೆ ತಳ್ಳಿದರೆ ದಾರಿ ಮುಚ್ಚಿತು. ಮೊದಲು ತುದಿ ಕೊಂಚ ಬಗ್ಗಿಸಿದ 8 ಅಥವಾ 10ನೇ ನಂಬರ್ ಕೆ-ಫೈಲ್ ಇಳಿಸಿ, ಒತ್ತದೆ.