ಲೋವರ್ ಡೆಕ್ಸ್: ಸಿಕ್ಕಿದ ಬಡ್ತಿ ಕಳೆದುಕೊಳ್ಳೋಕೆ ಒದ್ದಾಡೋದು ಯಾಕೆ?

ಗೋಣಿಕೊಪ್ಪದವ:
ಸ್ಟಾರ್ ಟ್ರೆಕ್ ಲೋವರ್ ಡೆಕ್ಸ್, ಬಾಹ್ಯಾಕಾಶ ಹಡಗಿನ ಕೆಳದರ್ಜೆ ಅಧಿಕಾರಿಗಳ ಆನಿಮೇಷನ್ ಸರಣಿ, 2023ರ ನಾಲ್ಕನೇ ಸೀಸನ್, ಎರಡನೇ ಎಪಿಸೋಡ್. ಮೂಪ್ಸಿ ಅನ್ನೋ ಪ್ರಾಣಿ ಬರುತ್ತಲ್ಲ, ಅದೇ. ಮಾರಿನರ್, ಬಾಯ್ಮ್ಲರ್, ಟೆಂಡಿ ಮೂವರೂ ಅಧಿಕಾರಿಗಳಲ್ಲೇ ಅತಿ ಕೆಳಗಿನ ದರ್ಜೆಯಾದ ಎನ್‌ಸೈನ್‌ನಿಂದ ಜೂನಿಯರ್ ಗ್ರೇಡ್ ಲೆಫ್ಟಿನೆಂಟ್ ಆಗಿದ್ದಾರೆ, ರುದರ್‌ಫೋರ್ಡ್ ಒಬ್ಬ ಬಾಕಿ. ಅವನು ಬಡ್ತಿಗಾಗಿ ಬೆವರು ಸುರಿಸುತ್ತಿದ್ದರೆ ಇತ್ತ ಮಾರಿನರ್ ಸಿಕ್ಕಿದ್ದನ್ನೂ ಕಳೆದುಕೊಳ್ಳೋಕೆ ನೋಡುತ್ತಾಳೆ. ನಗು ಬಂತು ನಿಜ, ತಲೆಬುಡ ಅರ್ಥ ಆಗಲಿಲ್ಲ. ಜೊತೆಗೆ ನೋಡಿದ ಅಪ್ಪ ಸೇನೆಯಿಂದ ರಿಟೈರ್ ಆದವರು, ಅವರದ್ದು ಬೇರೆ ತಕರಾರು: ಲೆಫ್ಟಿನೆಂಟ್ ಆದ್ಮೇಲೆ ಕ್ಯಾಪ್ಟನ್ ತಾನೇ, ಹಾಗಾದ್ರೆ ಈ ಕೋತಿಗಳ ಕೈಗೆ ನಾಳೆನೇ ಹಡಗು ಕೊಡುತ್ತಾರಾ?

ಏಲಕ್ಕಿಸಿಪ್ಪೆ:
ಸ್ಟಾರ್‌ಫ್ಲೀಟ್ ಅಂದ್ರೆ ಇವರ ಬಾಹ್ಯಾಕಾಶ ಪಡೆ, ಅದು ನಡೆಯೋದು ನೌಕಾಪಡೆಯ ಲೆಕ್ಕದಲ್ಲಿ. ಜೂನಿಯರ್ ಗ್ರೇಡ್ ಆದ್ಮೇಲೆ ಪೂರ್ತಿ ಲೆಫ್ಟಿನೆಂಟ್, ಲೆಫ್ಟಿನೆಂಟ್ ಕಮಾಂಡರ್, ಕಮಾಂಡರ್, ಆಮೇಲೆ ಕ್ಯಾಪ್ಟನ್. ನಮ್ಮ ನೌಕಾಪಡೆಯಲ್ಲೂ ಕ್ಯಾಪ್ಟನ್ ಅಂದ್ರೆ ಸೇನೆಯ ಕರ್ನಲ್‌ಗೆ ಸಮ. ಕಾರ್ಯಪ್ಪ, ತಿಮ್ಮಯ್ಯ ಅವರ ಜಿಲ್ಲೆಯಲ್ಲಿ ಮಕ್ಕಳೂ ಭುಜ ನೋಡಿ ರ‍್ಯಾಂಕ್ ಹೇಳುತ್ತಾರೆ, ಇಲ್ಲಿ ಕಾಲರ್ ನೋಡಬೇಕು. ಎನ್‌ಸೈನ್‌ಗೆ ಒಂದು ಚಿನ್ನದ ಗುಂಡಿ, ಜೂನಿಯರ್ ಗ್ರೇಡ್‌ಗೆ ಅದರ ಪಕ್ಕ ಒಂದು ಕಪ್ಪು ಗುಂಡಿ. ಅಷ್ಟಕ್ಕೇ ಇಷ್ಟು ರಂಪ!

ವಿರಾಜಪೇಟೆ_ವಾರ್ಪ್:
ಮಾರಿನರ್‌ಗೆ ಬಡ್ತಿ ಬೇಡ ಅಂತಲ್ಲ. ಮೇಲಧಿಕಾರಿ ರ‍್ಯಾನ್ಸಮ್ ಇವತ್ತಲ್ಲ ನಾಳೆ ತನ್ನನ್ನು ಕೆಳಗಿಳಿಸಿಯೇ ಇಳಿಸುತ್ತಾನೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ, ಅದಕ್ಕೆ ಅವನು ಇಳಿಸೋ ಮೊದಲು ತಾನೇ ಕೆಣಕುತ್ತಾಳೆ. ಅವನು ಅವಳನ್ನು ಕೈಬಿಡೋದಿಲ್ಲ, ಎಪಿಸೋಡಿನ ಜೀವ ಇರೋದೇ ಅಲ್ಲಿ. ಮೂಪ್ಸಿ ನೋಡೋಕೆ ಮುದ್ದು ಗೊಂಬೆ, ಕುಡಿಯೋದು ಮಾತ್ರ ಮೂಳೆ. ಅದನ್ನು ವಾಪಸ್ ಗೂಡಿಗೆ ಎಳೆಯೋಕೆ ಮಾರಿನರ್ ಮೇಲಧಿಕಾರಿಯ ಮುಖಕ್ಕೇ ಗುದ್ದಿ, ಉದುರಿದ ಹಲ್ಲನ್ನು ಆಮಿಷ ಮಾಡುತ್ತಾಳೆ. ಇಷ್ಟಾದ್ರೂ ರ‍್ಯಾಂಕ್ ಭದ್ರ.

ಗೋಣಿಕೊಪ್ಪದವ:
ಕರ್ನಲ್ ಅಂದ ಕೂಡಲೇ ಅಪ್ಪ ಒಪ್ಪಿದರು. ಹಲ್ಲಿನ ವಿಷಯಕ್ಕೆ ಮಾತ್ರ ಕೋರ್ಟ್ ಮಾರ್ಷಲ್ ಆಗಲೇಬೇಕಂತೆ.

ಕಾಫಿಹೂ:
ನನಗೆ ರುದರ್‌ಫೋರ್ಡ್ ಕಥೆಯೇ ಜಾಸ್ತಿ ಹಿಡಿಸಿತು. ಹಿಂದೆ ಬಂದ ಬಡ್ತಿಯನ್ನೆಲ್ಲ ಅವನೇ ಬೇಡ ಅಂದಿದ್ದ, ಗೆಳೆಯರ ಜೊತೆ ಕೆಳಗಿನ ಡೆಕ್‌ನಲ್ಲೇ ಇರಬೇಕು ಅಂತ. ನಮ್ಮ ಕಡೆ ಇದೇನು ಹೊಸದಾ? ಬ್ಯಾಂಕಲ್ಲಿರೋ ನಮ್ಮ ಚಿಕ್ಕಪ್ಪ ಆಫೀಸರ್ ಹುದ್ದೆ ಬೇಡ ಅಂದರು, ಯಾಕಂದ್ರೆ ಬಡ್ತಿ ಜೊತೆ ವರ್ಗಾವಣೆ ಗ್ಯಾರಂಟಿ, ಆಮೇಲೆ ಪುತ್ತರಿಗೂ ಇಲ್ಲ, ಕಾಫಿ ಕೊಯ್ಲಿಗೂ ಇಲ್ಲ. ಮನೇಲಿ ಯಾರೂ ಅವರನ್ನು ಹುಚ್ಚ ಅನ್ನಲಿಲ್ಲ. ಅಯ್ಯೋ ಅನ್ನಿಸೋದು ಇನ್ನೊಂದು ಸ್ಟಾರ್ ಟ್ರೆಕ್ ಸರಣಿ ವೊಯೇಜರ್‌ನ ಹ್ಯಾರಿ ಕಿಮ್‌ನ ನೋಡಿದ್ರೆ. ಬಡ್ತಿ ಬೇಕು ಬೇಕು ಅಂತಿದ್ದವನು 1995ರಿಂದ 2001ರವರೆಗೆ 7 ಸೀಸನ್ ಎನ್‌ಸೈನ್ ಆಗಿಯೇ ಕೊಳೆತ.